ಒಡಹುಟ್ಟಿದವರಿಗೆ ಮಾತ್ರ

ವೀರಣ್ಣ ಉಳ್ಳಾಗಡ್ಡಿಯ ಕಾರಿನ ನಂಬರು ಏಳರಲ್ಲಿ ಮುಗಿಯುತ್ತಿತ್ತು. ಆವತ್ತು ಮೇ ತಿಂಗಳ ಇಪ್ಪತ್ತಾರನೆಯ ತಾರೀಖು. ಆದ ರಾಮಾಯಣಕ್ಕೆಲ್ಲ ಇದೇ ಮೂಲ.

ಅದು ೧೯೭೯. ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲಿಗೆ ಬರ ಬಂದು, ಬೆಸ ನಂಬರಿನ ಕಾರಿಗೆ ಬೆಸ ತಾರೀಖಿನಂದು, ಸರಿ ನಂಬರಿನ ಕಾರಿಗೆ ಸರಿ ತಾರೀಖಿನಂದು ಮಾತ್ರ ಪೆಟ್ರೋಲು ಎಂದು ಸರಕಾರ ಕಟ್ಟಳೆ ಮಾಡಿತ್ತು. ಹಿಂದಿನ ಸಂಜೆ ವೀರಣ್ಣ ಆರ್ಟೀಸಿಯಾದ ಬಂಕಿನಲ್ಲಿ ಒಂದೂವರೆ ಗಂಟೆ ಸರತಿಯಲ್ಲಿ ಕಾದಿದ್ದ. ಮುಂದೆ ಇನ್ನೆರಡೇ ಕಾರು ಎನ್ನುವಾಗ ಬಂಕಿನವನು ಹಗ್ಗ ಕಟ್ಟಿ, ಬೋರ್ಡು ತಿರುಗಿಸಿ, ಮನೆಗೆ ಹೋಗಿಬಿಟ್ಟಿದ್ದ. ಈಗ ಟ್ಯಾಂಕಿನಲ್ಲಿ ಉಳಿದದ್ದು ಪಕ್ಕದ ಸೆರಿಟೋಸಿನ ತರಕಾರಿ ಅಂಗಡಿಗೆ ಹೋಗಿಬರಲು ಸಾಕು, ನೂರು ಮೈಲಿ ದೂರದ ಸ್ಯಾನ್ ಡಿಯೇಗೋಗೆ ಸಾಲದು.

ಸ್ಯಾನ್ ಡಿಯೇಗೋದಲ್ಲಿ ಅವನ ತಮ್ಮ ನೀಲಕಂಠಪ್ಪ ಕಾಯುತ್ತಿದ್ದ. ಮೂರು ವರ್ಷ ಮಾತು ಬಿಟ್ಟಿದ್ದ ತಮ್ಮ.

ಕಾಯುತ್ತಿದ್ದುದಕ್ಕೆ ಕಾರಣ ಬ್ಲೂಗ್ರಾಸ್. ಬ್ಯಾಂಜೋ, ಮ್ಯಾಂಡೊಲಿನ್, ಪಿಟೀಲು ಇಟ್ಟುಕೊಂಡು ಅಮೆರಿಕದ ಗುಡ್ಡಗಾಡಿನವರು ಹಾಡುವ ಹಳೇ ಕಾಲದ ಸಂಗೀತ. ವಿಮಾನದ ಫ್ಯಾಕ್ಟರಿಗೆ ಓಡಾಡುವಾಗ ಕಾರಿನ ರೇಡಿಯೋದಲ್ಲಿ ಅದು ಅಕಸ್ಮಾತ್ತಾಗಿ ವೀರಣ್ಣನ ಕಿವಿಗೆ ಬಿದ್ದಿತ್ತು. ಅವ್ವ, ಬಿಟ್ಟು ಬಂದ ಮನೆ, ಸಾವು, ದೇವರು: ಎಲ್ಲ ಹಾಡುಗಳಿಗೂ ಇವು ನಾಲ್ಕೇ ವಿಷಯ. ಗದಗಿನ ಮಠದ ಭಜನೆಯಲ್ಲಿ ಬೆಳೆದವನಿಗೆ ಇದಕ್ಕಿಂತ ಹೆಚ್ಚಿನ ಪರಿಚಯ ಬೇಕಿರಲಿಲ್ಲ. ಆದರೆ ಅವನು ಫ್ರೀವೇ ಬದಿಗೆ ಕಾರು ನಿಲ್ಲಿಸಿ ಕಣ್ಣೊರೆಸಿಕೊಂಡದ್ದು ಅಣ್ಣತಮ್ಮಂದಿರ ಜೋಡಿ ಹಾಡುಗಾರಿಕೆ ಕೇಳಿದ ದಿನ. ಒಬ್ಬ ಕೆಳಗಿನ ದನಿ ಹಿಡಿದರೆ ಇನ್ನೊಬ್ಬ ಎರಡು ಮೂರು ಸ್ವರ ಮೇಲೆ ನಿಂತು, ಅವನು ಹತ್ತಿದರೆ ಹತ್ತಿ, ಇಳಿದರೆ ಇಳಿದು ಜೊತೆಗೇ ಹಾಡುತ್ತಿದ್ದ.

ಚಿಕ್ಕಂದಿನಲ್ಲಿ ಇವರೂ ಹಾಗೆಯೇ ಹಾಡುತ್ತಿದ್ದರು. ವೀರಣ್ಣನ ಶ್ರುತಿಗೆ ತಮ್ಮನ ಸಣ್ಣ ಗಂಟಲು ಇಳಿಯುತ್ತಿರಲಿಲ್ಲ. ಅವನು ಮೇಲೆಯೇ ಉಳಿಯುತ್ತಿದ್ದ. ಅಪ್ಪ ಶಿವಬಸಪ್ಪ ಭಜನೆಯ ನಡುವೆಯೇ, "ಒಬ್ಬಾಂವ ಊರಾಗ, ಒಬ್ಬಾಂವ ಅಡವ್ಯಾಗ!" ಎಂದು ಕೈಯಲ್ಲಿದ್ದ ತಾಳದಿಂದಲೇ ಇಬ್ಬರ ತಲೆಗೂ ಕುಟ್ಟುತ್ತಿದ್ದರು. ಯಾವ ತಪ್ಪಿಗೆ ಗದಗಿನಲ್ಲಿ ಪೆಟ್ಟು ಬೀಳುತ್ತಿತ್ತೋ ಅದಕ್ಕೆ ಅಮೆರಿಕದಲ್ಲಿ ಹಾರ್ಮನಿ ಎಂಬ ಹೆಸರಿದೆ, ಜನ ಟಿಕೆಟ್ಟು ಕೊಂಡು ಕೇಳುತ್ತಾರೆ ಎಂದು ವೀರಣ್ಣನಿಗೆ ತಿಳಿದಾಗ ನಲವತ್ತೆರಡು ವರ್ಷ ವಯಸ್ಸು.

ಅಷ್ಟರಲ್ಲಿ ಜೋಡಿ ಮುರಿದಿತ್ತು. ನೀಲಕಂಠಪ್ಪ ಅಮೆರಿಕದ ಪ್ರಜೆಯಾಗುವಾಗ ನೀಲ್ ಬಸಪ್ಪ ಎಂದು ಬರೆಸಿಕೊಂಡಿದ್ದ. "ಮನಿತನದ ಹೆಸರ ಮಾರಿಕೊಂಡ್ಯಾ?" ಎಂದು ಅಣ್ಣ ಕೇಳಿದ. "ಅಪ್ಪನ ಹೆಸರ ನನ್ನ ಕಡೆ ಐತಿ. ನೀ ಉಳ್ಳಾಗಡ್ಡಿ ಕಟಿಗೊಂಡ ಇರು," ಎಂದು ತಮ್ಮ ಫೋನು ಇಟ್ಟ. ಆಮೇಲೆ ಎರಡು ಮನೆಗಳ ನಡುವೆ ಮಾತಾಡಿದ್ದು ಹೆಂಗಸರು ಮಾತ್ರ.

ಹೀಗಿರುವಾಗ ರೇಡಿಯೋದಲ್ಲಿ ಪ್ರಕಟಣೆ ಬಂತು. ಸ್ಯಾನ್ ಡಿಯೇಗೋದ ಪಾರ್ಕಿನಲ್ಲಿ ಬ್ಲೂಗ್ರಾಸ್ ಮೇಳ, ಅದರಲ್ಲಿ ಅಣ್ಣತಮ್ಮಂದಿರ ಜೋಡಿ ಸ್ಪರ್ಧೆ, ಒಡಹುಟ್ಟಿದವರಿಗೆ ಮಾತ್ರ, ಗೆದ್ದವರಿಗೆ ಮುಂದಿನ ಭಾನುವಾರ ಇದೇ ರೇಡಿಯೋದಲ್ಲಿ ಹಾಡುವ ಅವಕಾಶ. ವೀರಣ್ಣನ ಹೆಂಡತಿ ಸಾವಿತ್ರವ್ವ ನೆಗೆಣ್ಣಿಗೆ, ಅಂದರೆ ನೀಲಕಂಠಪ್ಪನ ಹೆಂಡತಿ ಜಯದೇವಿಗೆ, ಫೋನು ಮಾಡಿದಳು. ಗಂಡಂದಿರು ಫೋನಿನ ಹತ್ತಿರವೂ ಬರದೆ ಒಪ್ಪಿಕೊಂಡರು.

"ಹತ್ತೂವರಿಗೆ ಬಂದು ನಿಂತಿರ್ತಾನ ನಿಮ್ಮ ತಮ್ಮ," ಎಂದಳು ಸಾವಿತ್ರವ್ವ ಆ ಬೆಳಿಗ್ಗೆ. "ನೀವು ಹೋಗಲಿಲ್ಲಂದ್ರ ಮತ್ತ ಏಳು ಜನ್ಮ ಮಾತಾಡಂಗಿಲ್ಲ ಅಂವ."

"ಗ್ಯಾಸ್ ಇಲ್ಲದ ಕಾರ ಹೆಗಲ ಮ್ಯಾಲ ಹೊತಗೊಂಡ ಹೋಗ್ಲೇನು?"

"ಸತ್ಯಮೂರ್ತಿಯವರ್ನ ಕೇಳ್ರಿ. ಅವರ ನಂಬರ ಸರಿ ಐತಿ."

ಹಿಂದಿನ ಬೀದಿಯ ಸತ್ಯಮೂರ್ತಿ ಕನ್ನಡ ಸಂಘದ ಕಾರ್ಯದರ್ಶಿ. ಬೆಂಗಳೂರಿನವರು. ಅವರ ಸಹಾಯ ಕೇಳುವುದೂ ಒಂದೇ, ಇರುವೆ ಗೂಡಿಗೆ ಬೆಲ್ಲ ಸುರಿಯುವುದೂ ಒಂದೇ. ಆದರೆ ವೀರಣ್ಣನಿಗೆ ಬೇರೆ ದಾರಿ ಇರಲಿಲ್ಲ.

"ಅಯ್ಯೋ, ಅದಕ್ಕೇನಂತೆ! ನನ್ನ ಸ್ಟೇಷನ್ ವ್ಯಾಗನ್ ಫುಲ್ ಟ್ಯಾಂಕ್ ಇದೆ," ಎಂದರು ಸತ್ಯಮೂರ್ತಿ. ಮುಂದಿನ ತಿಂಗಳು ಸಂಘದ ಅಧ್ಯಕ್ಷರ ಚುನಾವಣೆಯಿತ್ತು. ಧಾರವಾಡದ ಕಡೆಯವರ ಹದಿನೆಂಟು ವೋಟು ಅವರ ಕಣ್ಣಮುಂದೆ ಸಾಲಾಗಿ ನಿಂತವು.

ಇದೇ ಹದಿನೆಂಟು ವೋಟು ಖಜಾಂಚಿ ದಕ್ಷಿಣಾಮೂರ್ತಿಯವರಿಗೂ ಬೇಕಾಗಿದ್ದವು. ಯಾರು ಸುದ್ದಿ ಕೊಟ್ಟರೋ, ವ್ಯಾಗನ್ ಬೀದಿ ದಾಟುವ ಮೊದಲೇ ಅವರು ಪುಳಿಯೋಗರೆಯ ಡಬ್ಬಿ ಹಿಡಿದು ಅಡ್ಡ ನಿಂತಿದ್ದರು. "ವೀರಣ್ಣನೋರು ಹಾಡ್ತಾರೆ ಅಂದ್ಮೇಲೆ ನಾನು ಮನೇಲಿ ಕೂತಿರೋದಾ?" ಎಂದು ಬಾಗಿಲು ತೆಗೆದು ಹತ್ತಿಯೇಬಿಟ್ಟರು.

ಸತ್ಯಮೂರ್ತಿ ಉದ್ದಕ್ಕೆ, ಕಪ್ಪಗೆ. ದಕ್ಷಿಣಾಮೂರ್ತಿ ಗಿಡ್ಡಕ್ಕೆ, ಬೆಳ್ಳಗೆ. ಹತ್ತು ವರ್ಷಗಳಲ್ಲಿ ಇಬ್ಬರೂ ಒಪ್ಪಿಕೊಂಡ ಸಂಗತಿ ಒಂದೂ ಇರಲಿಲ್ಲ. ಸಮುದ್ರದ ಬದಿಯ ರಸ್ತೆಯುದ್ದಕ್ಕೂ ವೀರಣ್ಣ ಗಂಟಲು ಸರಿಮಾಡಿಕೊಳ್ಳಲು ಬಾಯಿ ತೆರೆದಾಗಲೆಲ್ಲ ಇವರಲ್ಲೊಬ್ಬರ ದನಿ ಮೊದಲು ಹೊರಬೀಳುತ್ತಿತ್ತು. ಸ್ಯಾನ್ ಡಿಯೇಗೋ ಮುಟ್ಟಿದ ಮೇಲಂತೂ ಮ್ಯಾಪು ಹಿಡಿದ ದಕ್ಷಿಣಾಮೂರ್ತಿ "ಈ ಎಕ್ಸಿಟ್ಟು" ಎಂದರೆ, ಅವರು ಹೇಳಿದ ಒಂದೇ ಕಾರಣಕ್ಕೆ ಸತ್ಯಮೂರ್ತಿ ಮುಂದಿನದನ್ನು ಹಿಡಿಯುತ್ತಿದ್ದರು. ಒಂದೇ ಸೇತುವೆಯ ಕೆಳಗೆ ಮೂರು ಸಲ ಹಾದಾಗ ವೀರಣ್ಣ ಅಂಗಿಯ ಗುಂಡಿ ತಿರುವಿ ತಿರುವಿ ಕಿತ್ತುಕೊಂಡಿದ್ದ.

ಹನ್ನೊಂದೂಕಾಲಿಗೆ ಪಾರ್ಕು ಸಿಕ್ಕಿತು. ನೀಲಕಂಠಪ್ಪ ಗೇಟಿನಲ್ಲೇ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು. ಅದನ್ನು ನೋಡಿ ವೀರಣ್ಣನ ಕೈ ತಮ್ಮನ ಹೆಗಲ ಕಡೆ ಅರ್ಧ ಹೋಯಿತು. ಆದರೆ ಮೂರು ವರ್ಷದ ಬಿಗುಮಾನ ಒಂದೇ ಸಲಕ್ಕೆ ಸಡಿಲಾಗುವುದಿಲ್ಲ.

"ತಡಾ ಆತು," ಎಂದ ಗೇಟಿನ ಕಡೆ ನೋಡಿ.

"ಹ್ಞೂಂ, ಕಾಣಾಕತ್ತೈತಿ," ಎಂದ ತಮ್ಮ ವ್ಯಾಗನ್ನಿನ ಕಡೆ ನೋಡಿ.

ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಹುಲ್ಲಿನ ಟೋಪಿ ಹಾಕಿದ ಬಿಳಿಯ ಅಜ್ಜಿಯೊಬ್ಬಳು ಕೂತಿದ್ದಳು. ಹಿಂದಿನ ವರ್ಷ ಯಾರೋ ಇಬ್ಬರು ಅಕ್ಕಪಕ್ಕದ ಮನೆಯವರು ಅಣ್ಣತಮ್ಮಂದಿರೆಂದು ಸುಳ್ಳು ಹೇಳಿ ಗೆದ್ದಿದ್ದರಂತೆ. ಹಾಗಾಗಿ ಈ ಸಲ ಇಬ್ಬರ ಡ್ರೈವಿಂಗ್ ಲೈಸೆನ್ಸೂ ತೋರಿಸಬೇಕಿತ್ತು. ಅಣ್ಣತಮ್ಮ ತೆಗೆದು ಮುಂದಿಟ್ಟರು. ಅಜ್ಜಿ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಕನ್ನಡಕ ಒರೆಸಿ ಮತ್ತೆ ಎರಡನ್ನೂ ನೋಡಿದಳು.

"ಒಬ್ಬರು ಉಳ್ಳಾಗಡ್ಡಿ, ಒಬ್ಬರು ಬಸಪ್ಪ. ಇದು ಹೇಗೆ ಸಾಧ್ಯ?"

ವೀರಣ್ಣ ವಿವರಿಸತೊಡಗಿದ. ಒಂದು ಮನೆತನದ ಹೆಸರು, ಇನ್ನೊಂದು ಅಪ್ಪನ ಹೆಸರು, ಅದರಲ್ಲೂ ಅರ್ಧ. ಅಮೆರಿಕದ ಇಂಗ್ಲಿಷಿನಲ್ಲಿ ಹೇಳುತ್ತ ಹೋದಂತೆ ಅವನಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಅಜ್ಜಿ ಕನಿಕರದಿಂದಲೇ ತಲೆಯಾಡಿಸಿದಳು. "ಅಪ್ಪ ಒಬ್ಬನೇ ಆಗಿದ್ದರೆ ಹೆಸರೂ ಒಂದೇ ಇರಬೇಕಲ್ಲ, ಮಗನೇ."

ಆಗ ಸತ್ಯಮೂರ್ತಿ ಮುಂದೆ ನುಗ್ಗಿದರು. "ಮ್ಯಾಡಮ್, ನಾನು ಸಾಕ್ಷಿ. ನಾನು ಕನ್ನಡ ಸಂಘದ ಕಾರ್ಯದರ್ಶಿ. ಇಗೋ ನನ್ನ ಲೈಸೆನ್ಸು."

"ಅವರೊಬ್ಬರೇ ಯಾಕೆ? ನಾನೂ ಸಾಕ್ಷಿ!" ದಕ್ಷಿಣಾಮೂರ್ತಿಯವರ ಲೈಸೆನ್ಸು ಅದರ ಮೇಲೆ ಬಿತ್ತು.

ಈ ದೇಶಕ್ಕೆ ಬರುವಾಗ ಫಾರಮ್ಮಿನಲ್ಲಿ ಹೆಸರಿಗೆ ಎರಡು ಖಾನೆ ಇದ್ದವು. ಇಬ್ಬರ ಬಳಿಯೂ ಇದ್ದದ್ದು ಒಂದೊಂದೇ ಹೆಸರು. ಹೆಸರನ್ನು ನಡುವೆ ಕತ್ತರಿಸಿ ಎರಡೂ ಖಾನೆ ತುಂಬಿಸಿದ್ದರು. ಅಜ್ಜಿ ಓದಿದಳು: ಸತ್ಯ ಮೂರ್ತಿ. ದಕ್ಷಿಣಾ ಮೂರ್ತಿ. ಅವಳ ಮುಖ ಅರಳಿತು.

"ನೀವಿಬ್ಬರೂ ಅಣ್ಣತಮ್ಮಂದಿರು!"

"ಇವನಾ? ನನಗಾ?" ಎಂದರು ಇಬ್ಬರೂ ಒಟ್ಟಿಗೆ, ಕನ್ನಡದಲ್ಲಿ. "ನೀವು ಬಾಯಿ ಮುಚ್ರೀ, ನಾನು ಮಾತಾಡ್ತೀನಿ." "ನೀವ್ಯಾಕ್ರೀ ಮಾತಾಡ್ಬೇಕು, ಯಾವಾಗ್ಲೂ ನಿಮ್ದೇ ಆಯ್ತು!" ಬೆರಳು ಮೂಗಿನ ತನಕ ಹೋಯಿತು. ಅಜ್ಜಿ ಕೆನ್ನೆಗೆ ಕೈಕೊಟ್ಟು ಸಂತೋಷದಿಂದ ನೋಡಿದಳು. "ನನಗೂ ಇಬ್ಬರು ಗಂಡುಮಕ್ಕಳಿದ್ದಾರೆ. ಈ ಜಗಳ ಒಡಹುಟ್ಟಿದವರಿಗೆ ಮಾತ್ರ ಬರುತ್ತದೆ," ಎಂದು ಹೆಸರು ಬರೆದೇಬಿಟ್ಟಳು. ಪೆಟ್ರೋಲಿನ ದೆಸೆಯಿಂದ ಬಂದದ್ದೇ ನಾಲ್ಕು ಜೋಡಿ. ಐದಾಗದಿದ್ದರೆ ಸ್ಪರ್ಧೆ ರದ್ದು.

ರೇಡಿಯೋದಲ್ಲಿ ಹಾಡಿದವರಿಗೆ ಹದಿನೆಂಟೇನು, ಸಂಘದ ಎಲ್ಲ ವೋಟೂ ಬೀಳುತ್ತವೆ ಎಂದು ಸತ್ಯಮೂರ್ತಿಗೆ ಹೊಳೆಯಿತು. "ವೀರಣ್ಣ, ಬೇಜಾರ್ ಮಾಡ್ಕೋಬೇಡಿ. ಸಂಘದ ಮಾನ ಉಳೀಬೇಕಲ್ಲ," ಎಂದು ವೇದಿಕೆಯ ಕಡೆ ನಡೆದರು. ಅವರು ಹೋದ ಮೇಲೆ ದಕ್ಷಿಣಾಮೂರ್ತಿ ಹಿಂದುಳಿಯುವುದುಂಟೇ?

ಇಬ್ಬರಿಗೂ ಬರುತ್ತಿದ್ದುದು ಸಂಘದ ಸಭೆಗಳಲ್ಲಿ ಹೇಳುವ ಪ್ರಾರ್ಥನೆಯೊಂದೇ. ಸತ್ಯಮೂರ್ತಿ ಕೆಳಗಿನ ಶ್ರುತಿಯಲ್ಲಿ ಎತ್ತಿಕೊಂಡರು. ಅವರ ಶ್ರುತಿಗೆ ಬರುವುದು ಸೋಲು ಎಂದುಕೊಂಡು ದಕ್ಷಿಣಾಮೂರ್ತಿ ಮೂರು ಸ್ವರ ಮೇಲೆ ಹಿಡಿದು ಪಟ್ಟು ಬಿಡಲಿಲ್ಲ. ಮೈಕು ಒಂದೇ. ಅವರು ಇವರನ್ನು ಭುಜದಿಂದ ತಳ್ಳಿ ಮುಂದೆ ಬಂದರೆ, ಇವರು ಅವರನ್ನು ತಳ್ಳಿ ಮುಂದೆ ಬರುವರು. ಹಳೇ ಕಾಲದ ಅಣ್ಣತಮ್ಮ ಜೋಡಿಗಳು ಒಂದೇ ಮೈಕಿಗೆ ಹಾಗೆಯೇ ಹಿಂದೆ ಮುಂದೆ ತೂಗುತ್ತ ಹಾಡುತ್ತಿದ್ದರಂತೆ. ಆ ಪದ್ಧತಿ ಸತ್ತೇಹೋಯಿತು ಎಂದುಕೊಂಡಿದ್ದ ಮುದುಕರು ಟೋಪಿ ತೆಗೆದು ಎದ್ದು ನಿಂತರು. ಚಪ್ಪಾಳೆಯ ಸದ್ದಿನ ಮೇಲೆ ತೀರ್ಪು. ಮೂರ್ತಿ ಬ್ರದರ್ಸ್ ಗೆದ್ದರು.

ಆ ಹೊತ್ತಿಗೆ ನಿಜವಾದ ಅಣ್ಣತಮ್ಮಂದಿರು ದೂರದ ನೀಲಗಿರಿ ಮರದ ಬುಡದಲ್ಲಿ ಪುಳಿಯೋಗರೆ ಡಬ್ಬಿ ಕಾಯುತ್ತ ಕೂತಿದ್ದರು. ವೀರಣ್ಣ ಡಬ್ಬಿ ತೆರೆದು ತಮ್ಮನ ಮುಂದೆ ಸರಿಸಿದ. ಆಮೇಲೆ ನೀಲಕಂಠಪ್ಪ ಹಾಡಬೇಕೆಂದಿದ್ದ ಪದವನ್ನು ಮೂಗಿನಲ್ಲೇ ಗುನುಗಿದ. ವೀರಣ್ಣ ಕೆಳಗಿನ ದನಿ ಸೇರಿಸಿದ. ಮೊದಲ ಸಾಲಿಗೆ ತುಸು ತಡವರಿಸಿದರು. ಎರಡನೆಯದಕ್ಕೆ ಎರಡು ದನಿಯೂ ಒಂದಕ್ಕೊಂದು ಕೂತುಕೊಂಡವು. ಇಷ್ಟು ವರ್ಷ ತಾನು ರೇಡಿಯೋದಲ್ಲಿ ಹುಡುಕುತ್ತಿದ್ದದ್ದು ಈ ಒಂದು ಗಂಟಲನ್ನು ಎಂದು ವೀರಣ್ಣನಿಗೆ ಗೊತ್ತಾಯಿತು.

"ಅಪ್ಪ ಇದ್ದಿದ್ರ ತಾಳಲೇ ಕುಟ್ಟತಿದ್ದ," ಎಂದ ನೀಲಕಂಠಪ್ಪ.

"ಇಬ್ಬರಿಗೂ," ಎಂದ ವೀರಣ್ಣ.

ಇಬ್ಬರೂ ನಕ್ಕರು, ಕಣ್ಣೊರೆಸಿಕೊಂಡರು, ಮುಂದಿನ ವರ್ಷ ಬರೋಣ ಎಂದರು. ಹೆಸರಿನ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ಈ ಕತೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು.

ಮುಂದಿನ ಭಾನುವಾರ ವೀರಣ್ಣ ರೇಡಿಯೋ ಹಾಕಿದರೆ ಸಂಘದ ಪ್ರಾರ್ಥನೆ ಬಂತು.

ವರ್ಷವಿಡೀ ಅಣ್ಣತಮ್ಮ ಭಾನುವಾರಕ್ಕೊಮ್ಮೆ ಸೇರಿ ಹಾಡಿದರು. ೧೯೮೦ರ ಮೇಳದ ಹೊತ್ತಿಗೆ ಸರಿ ಬೆಸದ ತೊಂದರೆಯೂ ಇರಲಿಲ್ಲ. ವೀರಣ್ಣ ಸ್ವಂತ ಕಾರಿನಲ್ಲೇ ಹೊರಟ, ಯಾವ ಮೂರ್ತಿಯನ್ನೂ ಹತ್ತಿಸಿಕೊಳ್ಳಲಿಲ್ಲ. ಅವನ ಜೇಬಿನಲ್ಲೊಂದು ಗುಟ್ಟಿತ್ತು. ಅದನ್ನು ಸಾವಿತ್ರವ್ವನಿಗೂ ಹೇಳಿರಲಿಲ್ಲ, ಹೇಳಿದ್ದರೆ ಅದು ಆ ಗಳಿಗೆಯೇ ಜಯದೇವಿಯ ಕಿವಿಗೆ ಬೀಳುತ್ತಿತ್ತು. ಮೇಜಿನ ಮುಂದೆ ತಮ್ಮನ ಮುಖ ನೋಡಬೇಕೆಂಬುದು ಅವನ ಆಸೆ.

ಅದೇ ಅಜ್ಜಿ, ಅದೇ ಟೋಪಿ. ಗುರುತು ಹಿಡಿದು ನಕ್ಕಳು. ವೀರಣ್ಣ ಹೊಸ ಲೈಸೆನ್ಸನ್ನು ಮೇಜಿನ ಮೇಲೆ ಇಸ್ಪೀಟಿನ ಎಕ್ಕ ಇಟ್ಟಂತೆ ಇಟ್ಟ. ನೀಲಕಂಠಪ್ಪನೂ ಮುಗುಳ್ನಗುತ್ತ ತನ್ನದನ್ನು ಇಟ್ಟ. ಅದೂ ಹೊಸದೇ.

ಅಜ್ಜಿ ಓದಿದಳು. ವೀರಣ್ಣ ಬಸಪ್ಪ. ನೀಲಕಂಠಪ್ಪ ಉಳ್ಳಾಗಡ್ಡಿ.

ಅಣ್ಣತಮ್ಮ ಇಬ್ಬರೂ ಒಟ್ಟಿಗೇ ಮೇಜಿನ ಮೇಲೆ ಬಗ್ಗಿ ಓದಿಕೊಂಡರು.

"ಅಣ್ಣಾ, ಇದನ್ಯಾವಾಗ ಮಾಡಿದಿ?"

"ನಿನ್ನ ಸಲುವಾಗಿ ಮಾಡೀನೋ! ನೀ ಯಾವಾಗ ಮಾಡಿದಿ?"

"ನಿನ್ನ ಸಲುವಾಗೇ! ಒಂದ ಮಾತ ಕೇಳಬಾರದೇನು?"

"ನೀ ಹೇಳಿದ್ಯೇನು? ಸಣ್ಣಾಂವಿದ್ದಾಗಿಂದನೂ ಹಿಂಗ, ನಾ ಕೆಳಗ ಇದ್ರ ನೀ ಮ್ಯಾಲ, ನಾ ಮ್ಯಾಲ ಬಂದ್ರ ನೀ ಕೆಳಗ!"

ದನಿ ಏರಿತು, ಕೈ ಆಡಿತು, ಬೆರಳು ಮೂಗಿನ ತನಕ ಹೋಯಿತು. ಹಿಂದೆ ವೇದಿಕೆಯ ಮೇಲೆ ಹೋದ ವರ್ಷದ ವಿಜೇತರನ್ನು ಕರೆದರು. ಮೂರ್ತಿ ಬ್ರದರ್ಸ್ ಪ್ರಾರ್ಥನೆ ಎತ್ತಿಕೊಂಡರು. ಅಜ್ಜಿ ಎರಡು ಲೈಸೆನ್ಸನ್ನೂ ಮೆಲ್ಲಗೆ ಹಿಂದಕ್ಕೆ ಸರಿಸಿ ನಿಟ್ಟುಸಿರು ಬಿಟ್ಟಳು.

"ಜಗಳ ನೋಡಿದರೆ ಥೇಟ್ ಅಣ್ಣತಮ್ಮಂದಿರೇ," ಎಂದಳು. "ಪಾಪ, ಕಾಗದದಲ್ಲಿ ಮಾತ್ರ ಇಲ್ಲ."