ಅತ್ತೆಯ ಸೈನ್ಯಕ್ಕೆ ಮುದ್ದೆ ಊಟ

ನಮ್ಮ ಸೋದರತ್ತೆ ಮನುಷ್ಯರನ್ನು ಕದಿಯುತ್ತಾರೆ. ಹೌದು ಸ್ವಾಮಿ, ಸರಿಯಾಗಿಯೇ ಓದಿದಿರಿ! ಸರ, ಬಳೆ ಅಲ್ಲ. ಕುರಿ, ಕೋಳಿಯೂ ಅಲ್ಲ. ಮೀಸೆ ಬಂದ, ತೋಳು ಗಟ್ಟಿಯಿರುವ ಗಂಡಸರನ್ನು. ಹಿಂದಿನಿಂದ ಸದ್ದಿಲ್ಲದೆ ಹೋಗಿ, ಕತ್ತು ಅಮುಕಿ, ಎಚ್ಚರ ತಪ್ಪಿಸಿ, ಹೆಗಲ ಮೇಲೆ ಹಾಕಿಕೊಂಡು ಬಂದು ಅಡುಗೆಮನೆ ಕೆಲಸಕ್ಕೆ ಹಚ್ಚುತ್ತಾರೆ. ಇಷ್ಟೆಲ್ಲ ನಡೆಯುವುದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ, ಹಾಡಹಗಲೇ, ನನ್ನ ಮನೆಯ ಹಾಲಿನಲ್ಲಿ, ನನ್ನ ಟಿವಿಯಲ್ಲಿ, ನಾನು ಆಸೆಪಟ್ಟು ತಂದ ವಿಡಿಯೋ ಗೇಮಿನಲ್ಲಿ. ನಾನು ಆ ಗೇಮು ಮುಟ್ಟಿ ತಿಂಗಳುಗಳಾದವು. ಈ ಬರಹದಲ್ಲಿ ಅಲ್ಲಲ್ಲಿ ಹೊಟ್ಟೆಕಿಚ್ಚಿನ ವಾಸನೆ ಬಂದರೆ ನಿಮ್ಮ ಮೂಗು ಸರಿಯಾಗಿದೆ ಎಂದು ತಿಳಿಯಿರಿ.

ಅತ್ತೆ ಮಂಡಿ ಮೊಹಲ್ಲಾದಲ್ಲಿ ಮುದ್ದೆ ಊಟದ ಮೆಸ್ ನಡೆಸುತ್ತಿದ್ದವರು. ಮೂಟೆ ಹೊರುವವರು, ಲಾರಿ ಡ್ರೈವರುಗಳು, ಸಗಟು ಅಂಗಡಿಯ ಗುಮಾಸ್ತರು, ಎಲ್ಲರೂ ಅವರ ಬೆಂಚಿನ ಮೇಲೆ ಬೈಸಿಕೊಂಡೇ ಉಂಡವರು. ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಕಾಲು ಸುಧಾರಿಸಿತು. ಬಲಗೈ ಮಾತ್ರ ಸತ್ತಂತೆ ಜೋತುಬಿತ್ತು. ಬಾಯಿಗೆ ಏನೂ ಆಗಲಿಲ್ಲ, ಒಂದು ದಿನದ ಮಟ್ಟಿಗೂ ಆಗಲಿಲ್ಲ! ಮೆಸ್ಸಿಗೆ ಬೀಗ ಬಿತ್ತು, ಅತ್ತೆ ನಮ್ಮ ಮನೆಗೆ ಬಂದರು.

ಬಂದವರು ಊಟದ ವಿಷಯದಲ್ಲಿ ದೊಡ್ಡ ರಾದ್ಧಾಂತ ಶುರುಮಾಡಿದರು. ಎಡಗೈಯಲ್ಲಿ ಉಣ್ಣುವುದೆಂದರೆ ಅವರ ಪಾಲಿಗೆ ಅನ್ನಕ್ಕೆ ಮಾಡುವ ಅವಮಾನ. ಬೇರೆಯವರು ತಿನ್ನಿಸಿದರೆ ತಮಗೆ ಅವಮಾನ. ಚಮಚ ಕೊಟ್ಟರೆ "ಚಮಚದಲ್ಲಿ ಮುದ್ದೆ ಉಣ್ಣೋದಾ? ಥೂ!" ಎಂದು ಮುಖ ತಿರುಗಿಸಿದರು. ಕೊನೆಗೆ ಬರೀ ಉಪ್ಪಿಟ್ಟು, ಅದೂ ಕೋಣೆಯ ಬಾಗಿಲು ಹಾಕಿಕೊಂಡು. ಅಷ್ಟರಲ್ಲಿ ನನ್ನ ತಂಗಿಗೆ ಗಂಡು ಗೊತ್ತಾಯಿತು. ಮದುವೆಯಾದ ಮೇಲೆ ನಮ್ಮವರಲ್ಲಿ ಬೀಗರೂಟ ಇರಲೇಬೇಕಲ್ಲ, ಮುದ್ದೆ, ಮಾಂಸದ ಸಾರು, ಎರಡೂ ಕಡೆಯ ನೆಂಟರು ಸಾಲಾಗಿ ಕೂತು ಉಣ್ಣುವ ಊಟ. ಅತ್ತೆ ಅವತ್ತೇ ಘೋಷಣೆ ಮಾಡಿಬಿಟ್ಟರು:

"ಬೀಗರೂಟದಲ್ಲಿ ಎಲ್ರ ಜೊತೆ ಪಂಕ್ತೀಲಿ ಕೂತ್ಕೊಂಡು ಈ ಬಲಗೈಲೇ ಮುದ್ದೆ ಮುರೀತೀನಿ. ಆಗ್ಲಿಲ್ವಾ, ಇನ್ಮೇಲೆ ಯಾರ ಮನೆ ಪಂಕ್ತೀಗೂ ನನ್ನ ಕರೀಬೇಡಿ."

ಅತ್ತೆ ಹೇಳಿದ್ದನ್ನು ಮಾಡುವವರು. ಅದೇ ನಮಗೆ ಹೆದರಿಕೆ.

ಕೈಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಒಂದು ಮೆತ್ತನೆ ಚೆಂಡು ಕೊಟ್ಟು, "ದಿನಾ ಅಮುಕ್ತಾ ಇರಿ ಅಮ್ಮಾ" ಎಂದಳು. "ಮುದ್ದೆ ಕಟ್ಟಿದ ಕೈಗೆ ಆಟದ ಸಾಮಾನು ಕೊಡ್ತಾಳೆ!" ಎಂದು ಅತ್ತೆ ಅದನ್ನು ಬೀದಿನಾಯಿಗೆ ದಾನ ಮಾಡಿದರು. ನಾಯಿ ಅದನ್ನು ಎಷ್ಟು ಶ್ರದ್ಧೆಯಿಂದ ಅಮುಕಿತೆಂದರೆ, ಅದಕ್ಕೇನಾದರೂ ಲಕ್ವ ಇದ್ದಿದ್ದರೆ ವಾಸಿಯಾಗಿ ಹೋಗುತ್ತಿತ್ತು.

ಒಂದು ಭಾನುವಾರ ನಾನು ನನ್ನ ಪಾಡಿಗೆ ಗೇಮು ಆಡುತ್ತಿದ್ದೆ. ಅದರಲ್ಲಿ ನಾಯಕ ಒಬ್ಬ ಗೂಢಚಾರ. ಶತ್ರುಗಳ ಶಿಬಿರಕ್ಕೆ ಯಾರ ಕಣ್ಣಿಗೂ ಬೀಳದೆ ನುಗ್ಗಬೇಕು. ಕಾವಲುಗಾರರನ್ನು ಕೊಲ್ಲದೆ ಹಿಡಿದು ತಂದರೆ ಅವರು ನಮ್ಮ ಪಕ್ಷಕ್ಕೆ ಸೇರುತ್ತಾರೆ. ಅವರಿಗೆ ಕೆಲಸ ಹಂಚಿ ನಮ್ಮದೇ ಒಂದು ನೆಲೆ ಕಟ್ಟಬೇಕು. ನಾನು ಉಸಿರು ಬಿಗಿಹಿಡಿದು ಹುಲ್ಲಿನಲ್ಲಿ ತೆವಳುತ್ತಿದ್ದೆ. ದಿವಾನದ ಮೇಲಿಂದ ಅತ್ತೆಯ ದನಿ ಬಂತು.

"ಯಾಕ್ಲಾ ಅವ್ನು ಮಕಾಡೆ ಬಿದ್ದವ್ನೆ? ಮೈಗುಸಾರಿಲ್ವಾ?"

"ಕದ್ದು ಒಳಗೆ ಹೋಗ್ತಿದ್ದಾನೆ ಅತ್ತೆ. ಸ್ವಲ್ಪ ಸುಮ್ನಿರಿ."

"ಅಷ್ಟು ಕಷ್ಟ ಪಟ್ಕೊಂಡು ತೆವಳ್ತಾನಲ್ಲ, ಹಿಂದ್ಗಡೆ ಬಾಗ್ಲು ಇಲ್ವಾ?"

ಹಿಂದೆ ಬಾಗಿಲು ಇತ್ತು ಎನ್ನುವುದು ಬೇರೆ ಮಾತು. ಅದನ್ನು ಪರದೆಯಲ್ಲಿ ಹುಡುಕಲು ನಾನು ಕತ್ತು ಮುಂದಕ್ಕೆ ಚಾಚಿದ್ದೇ ತಪ್ಪಾಯಿತು, "ಕೊಡಿಲ್ಲಿ ಆ ರಿಮೋಟ" ಎಂದು ಕಂಟ್ರೋಲರ್ ಕಿತ್ತುಕೊಂಡರು. ಅವತ್ತು ಕಿತ್ತುಕೊಂಡದ್ದು ವಾಪಸು ಬರಲಿಲ್ಲ.

ಆ ಕಂಟ್ರೋಲರಿನಲ್ಲಿ ಗೂಢಚಾರನನ್ನು ನಡೆಸುವುದೆಲ್ಲ ಎಡಗೈಯಲ್ಲಿ, ಹಿಡಿಯುವುದು ಹೊಡೆಯುವುದೆಲ್ಲ ಬಲಗೈಯಲ್ಲಿ. ಹೀಗಾಗಿ ಅತ್ತೆಯ ಗೂಢಚಾರ ಮಹಾ ಚಾಲಾಕಿನಿಂದ ಕಾವಲುಗಾರನ ಬೆನ್ನಿಗೆ ಅಂಟಿಕೊಳ್ಳುವಷ್ಟು ಹತ್ತಿರ ಹೋಗುತ್ತಿದ್ದ. ಹೋಗಿ ಏನು ಮಾಡುತ್ತಿದ್ದ? ನಿಂತಿರುತ್ತಿದ್ದ! ರೇಷನ್ ಅಂಗಡಿ ಸಾಲಿನಲ್ಲಿ ನಿಂತ ಹಾಗೆ. ಅತ್ತೆಯ ಬಲಗೈ ಹೆಬ್ಬೆರಳು ಗುಂಡಿಯ ಮೇಲೆ ಬಿದ್ದುಕೊಂಡಿರುತ್ತಿತ್ತೇ ಹೊರತು ಒತ್ತುತ್ತಿರಲಿಲ್ಲ. ಕಾವಲುಗಾರ ನಿಧಾನವಾಗಿ ತಿರುಗಿ, ನೋಡಿ, ಗುಂಡು ಹೊಡೆಯುತ್ತಿದ್ದ. ಅತ್ತೆ ಅವನ ವಂಶವನ್ನೆಲ್ಲ ಬೈದು ಮತ್ತೆ ಶುರುಮಾಡುತ್ತಿದ್ದರು. ದಿನವಿಡೀ ಸಾಯುವುದು, ಬೈಯುವುದು. "ಅತ್ತೆ, ಒಂದಿಪ್ಪತ್ತು ನಿಮಿಷ ನನಗೆ ಕೊಡ್ತೀರಾ?" ಎಂದು ನನ್ನದೇ ಗೇಮಿಗೆ ನಾನು ಭಿಕ್ಷೆ ಬೇಡಿದರೆ, ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಪಾಪ ಆಡ್ಲಿ ಬಿಡ್ರೀ, ನಿಮಗೇನು ಆಡೋ ವಯಸ್ಸಾ?" ಎನ್ನುತ್ತಿದ್ದಳು. ಅರವತ್ತು ದಾಟಿದವರಿಗೆ ಆಡುವ ವಯಸ್ಸು, ನನಗಲ್ಲ! ಎಲ್ಲಿದೆ ನ್ಯಾಯ?

ಒಂದು ದಿನ ಆ ಹೆಬ್ಬೆರಳು ಗುಂಡಿಯನ್ನು ಒತ್ತಿತು. ಕಾವಲುಗಾರ ಕುಸಿದ. ಅತ್ತೆ ಹಾಕಿದ ಕೇಕೆಗೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು.

ಅಲ್ಲಿಂದ ಶುರುವಾಯಿತು ನೋಡಿ ನೆಲೆ ಕಟ್ಟುವ ಅವಾಂತರ. ಹಿಡಿದು ತಂದ ಪ್ರತಿಯೊಬ್ಬನಿಗೂ ಅವನವನ ವಿದ್ಯೆಗೆ ತಕ್ಕ ದರ್ಜೆ ಇರುತ್ತದೆ. ಗುರಿಗಾರನನ್ನು ಕಾವಲಿಗೆ, ಎಂಜಿನಿಯರನನ್ನು ಆಯುಧ ವಿಭಾಗಕ್ಕೆ, ವೈದ್ಯನನ್ನು ಆಸ್ಪತ್ರೆಗೆ ಹಾಕಬೇಕು. ಚಿಕ್ಕ ಮಕ್ಕಳಿಗೂ ತಿಳಿಯುವ ವಿಷಯ. ಅತ್ತೆ ದರ್ಜೆ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಅತ್ಯುತ್ತಮ ದರ್ಜೆಯ ಗುರಿಗಾರನೊಬ್ಬ ಸಿಕ್ಕಿದ. ಅಂಥವನು ಸಿಗಲೆಂದು ನಾನು ವಾರಗಟ್ಟಲೆ ಪರದಾಡಿದ್ದೆ. ಅತ್ತೆ ಅವನನ್ನು ಅಡುಗೆಮನೆಗೆ ಹಾಕಿದರು.

"ಅತ್ತೆ! ಅವನು ಮೈಲಿ ದೂರದಿಂದ ಗುರಿ ಇಟ್ಟು ಹೊಡೆಯೋನು!"

"ಅವ್ನ ತೋಳು ನೋಡ್ಲಾ. ಮುದ್ದೆ ತಿರುವಕ್ಕೇ ಹುಟ್ಟಿರೋ ತೋಳು. ಇವ್ನು ಬಂದೂಕ ಇಡ್ಕೊಂಡು ಹಾಳಾಯ್ತಿದ್ದ."

ಆಯುಧ ವಿಜ್ಞಾನಿಯನ್ನು ಗೇಟಿಗೆ ಹಾಕಿದರು, ಅವನ ಮುಖ ಜಗಲಿ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುವವನ ಮುಖವಂತೆ. ಆಟದಲ್ಲಿ ಸಂಪಾದಿಸಿದ ಹಣವೆಲ್ಲ ಅಡುಗೆಮನೆ ಬೆಳೆಸುವುದಕ್ಕೇ ಹೋಯಿತು. ಸದ್ದಿಲ್ಲದ ಪಿಸ್ತೂಲು ಬೇಡ, ಕತ್ತಲಲ್ಲಿ ಕಾಣುವ ಕನ್ನಡಕ ಬೇಡ, ಉಗ್ರಾಣ ದೊಡ್ಡದಾಗಬೇಕು! ಆಟದ ಅರ್ಧ ದಾರಿ ಕಳೆದರೂ ಅತ್ತೆಯ ಗೂಢಚಾರ ಮೊದಲ ದಿನದ ಹರಕು ಪಿಸ್ತೂಲನ್ನೇ ಹಿಡಿದು ಅಲೆಯುತ್ತಿದ್ದ. ಅವನ ಸೈನಿಕರು ಮಾತ್ರ ದುಂಡುದುಂಡಗಾಗುತ್ತಿದ್ದರು.

ಒಮ್ಮೆ ಶತ್ರುಗಳು ನಮ್ಮ ನೆಲೆಯ ಮೇಲೇ ದಾಳಿ ಮಾಡಿದರು. ಕೆಂಪು ದೀಪ, ಸೈರನ್, ಬೆಂಕಿ! ಅತ್ತೆ ಆ ಹೊತ್ತಿನಲ್ಲಿ ಅಡುಗೆಮನೆಯನ್ನು ಉತ್ತರದಿಂದ ಆಗ್ನೇಯಕ್ಕೆ ಎತ್ತಿಡುತ್ತಿದ್ದರು. "ಅತ್ತೆ, ಆಸ್ಪತ್ರೆ ಉರೀತಿದೆ! ಗೋಪುರ ಬಿತ್ತು!" ಎಂದು ನಾನು ಕುಣಿದಾಡಿದೆ. "ಇರ್ಲಾ, ಒಲೆ ದಿಕ್ಕು ಸರಿಹೋಗ್ಲಿ" ಎಂದರು. ದಾಳಿ ಮುಗಿದಾಗ ಉಳಿದದ್ದು ಅಡುಗೆಮನೆ ಒಂದೇ. "ನೋಡ್ದಾ, ಆಗ್ನೇಯಕ್ಕಾಕಿದ್ಕೆ ಉಳ್ಕಂತು" ಎಂದು ನನಗೇ ವಾಸ್ತು ಪಾಠ ಮಾಡಿದರು. ನಾನು ಹೋಗಿ ತಲೆಗೆ ತಣ್ಣೀರು ಹಾಕಿಕೊಂಡು ಬಂದೆ.

ಇದಕ್ಕೆಲ್ಲ ಕಳಶವಿಟ್ಟಂಥ ಇನ್ನೊಂದು ಹುಚ್ಚಿದೆ. ಆಟದ ಕಾವಲುಗಾರರು ಒಮ್ಮೊಮ್ಮೆ ಬೆಂಕಿಯ ಪಕ್ಕ ಕೂತು ಡಬ್ಬಿಯಿಂದ ಏನೋ ತಿನ್ನುತ್ತಾರೆ. ಬಂದೂಕು ಕೆಳಗೆ, ಗಮನ ಊಟದ ಮೇಲೆ. ಹಿಡಿಯಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದು? ಅತ್ತೆ ಹಿಡಿಯುವುದಿಲ್ಲ! ಅವನ ಊಟ ಮುಗಿಯುವ ತನಕ ಪೊದೆಯಲ್ಲಿ ಕೂತು ಕಾಯುತ್ತಾರೆ.

"ಈಗ ಹಿಡೀರಿ ಅತ್ತೆ, ಈಗ!"

"ಉಣ್ತಾವ್ನಲ್ಲ, ಕಾಣಲ್ವಾ ನಿಂಗೆ? ಉಣ್ಣೋನ್ನ ಎಬ್ಬಿಸ್ಬಾರ್ದು ಕಣ್ಲಾ."

"ಅವನು ಶತ್ರು!"

"ಶತ್ರೂಗೆ ಹೊಟ್ಟೆ ಇಲ್ವಾ?"

ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ ಬಂದು ಅತ್ತೆಯ ಗೂಢಚಾರನನ್ನು ಕೊಂದು ಹಾಕುತ್ತಿದ್ದ. ಉಣ್ಣುತ್ತಿದ್ದವನು ಮಾತ್ರ ನಿಶ್ಚಿಂತೆಯಿಂದ ಉಣ್ಣುತ್ತಲೇ ಇರುತ್ತಿದ್ದ. ಹೀಗೆ ಸತ್ತದ್ದು ಒಂದು ಸಲವಲ್ಲ, ಎರಡು ಸಲವಲ್ಲ. ಪ್ರಪಂಚದಲ್ಲಿ ಎಷ್ಟೋ ಜನ ಈ ಗೇಮು ಆಡಿರಬಹುದು, ಇಂಥ ಪೆದ್ದುತನ ಮಾಡಿದವರು ಇನ್ನೊಬ್ಬರಿರಲಾರರು ಎಂದು ನಾನು ಅವರ ಮುಖಕ್ಕೇ ಹೇಳಿದ್ದೇನೆ. ಅವರು ಕೇಳಿಸಿಕೊಳ್ಳಲಿಲ್ಲ, ಸೈನಿಕರ ಬಡಾವಣೆಗೆ ಬಚ್ಚಲು ಕಟ್ಟಿಸುತ್ತಿದ್ದರು.

ಮದುವೆಗೆ ಮುಂಚೆ ಒಂದು ಸಾಯಂಕಾಲ ಬೀಗಿತ್ತಿ, ಅಂದರೆ ಗಂಡಿನ ತಾಯಿ, ಸೀರೆಯ ಮಾತುಕತೆಗೆಂದು ಮನೆಗೆ ಬಂದರು. ಅತ್ತೆ ಎದ್ದು ನಮಸ್ಕಾರ ಹೇಳಿದರೇ? ಎಲ್ಲಿ! "ಕೂತ್ಕಳಿ, ಇವ್ನೊಬ್ಬುನ್ನ ಇಡ್ಕೊಂಡು ಬಂದ್ಬುಟ್ಟೆ" ಎಂದು ಪರದೆಯಿಂದ ಕಣ್ಣು ಕೀಳಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಂಬಂಧ ಮುರಿದು ಬಿದ್ದರೆ ಕಾರಣ ಏನೆಂದು ಊರಿಗೆ ಹೇಳುವುದು? ಬೀಗಿತ್ತಿ ದಿವಾನದ ತುದಿಯಲ್ಲಿ ಗಂಭೀರವಾಗಿ ಕೂತರು. ಆಮೇಲೆ ಸ್ವಲ್ಪ ಮುಂದಕ್ಕೆ ಜರುಗಿದರು. ಆಮೇಲೆ, "ಅಯ್ಯೋ ಎಡಗಡೆ ಒಬ್ಬ ಬತ್ತಾವ್ನೆ ಕಣ್ರೀ, ಬಗ್ರೀ, ಬಗ್ರೀ!" ಎಂದು ಕೂಗಿದರು. ಸೀರೆಯ ಮಾತು ಯಾರಿಗೂ ನೆನಪಾಗಲಿಲ್ಲ. ಹೊರಡುವಾಗ ಬೀಗಿತ್ತಿ ಅತ್ತೆಯ ಕೈ ಹಿಡಿದು, "ಬೀಗರೂಟಕ್ಕೆ ನನ್ನ ಪಕ್ಕದಲ್ಲೇ ಕೂರ್ಬೇಕು ನೀವು" ಎಂದರು. ಅವರು ಹಿಡಿದದ್ದು ಬಲಗೈ. ಅತ್ತೆ ನಗುತ್ತಲೇ ಅದನ್ನು ಸೆರಗಿನೊಳಗೆ ಎಳೆದುಕೊಂಡರು.

ಮದುವೆ ಮುಗಿಯಿತು. ಬೀಗರೂಟದ ದಿನ ಬಂತು. ಛತ್ರದಲ್ಲಿ ಸಾಲಾಗಿ ಎಲೆ ಹಾಕಿದ್ದರು. ಅತ್ತೆಯ ಎಡಕ್ಕೆ ಬೀಗಿತ್ತಿ, ಬಲಕ್ಕೆ ನಾನು. ಎದುರು ಸಾಲಿನಲ್ಲಿ ಮಂಡಿ ಮೊಹಲ್ಲಾದ ಮೆಸ್ಸಿನಲ್ಲಿ ಉಂಡು ಬೆಳೆದ ನೆಂಟರೇ ಎಷ್ಟೋ ಜನ. ಹಬೆಯಾಡುವ ಮುದ್ದೆ ಬಿತ್ತು, ಪಕ್ಕಕ್ಕೆ ಸಾರು ಬಿತ್ತು. ಅತ್ತೆ ಬೆರಳು ಒದ್ದೆ ಮಾಡಿಕೊಂಡು ಬಲಗೈಯನ್ನು ಮುದ್ದೆಯ ಮೇಲಿಟ್ಟರು.

ಹೆಬ್ಬೆರಳು ಒತ್ತಿತು. ಚೆನ್ನಾಗಿಯೇ ಒತ್ತಿತು. ಉಳಿದ ಬೆರಳುಗಳು ಬರಲಿಲ್ಲ. ಮುದ್ದೆ ಜಾರಿ ಎಲೆಯ ತುದಿಗೆ ಹೋಯಿತು. ಎಳೆದುಕೊಂಡು ಮತ್ತೆ ಒತ್ತಿದರು. ಸಾರು ಸೀರೆಯ ಮೇಲೆ ಚೆಲ್ಲಿತು. ಬಡಿಸುವವನೊಬ್ಬ ಒಳ್ಳೆಯ ಮನಸ್ಸಿನಿಂದಲೇ, "ಅಮ್ಮಾವ್ರಿಗೊಂದು ಚಮಚ ತನ್ರಪ್ಪೋ!" ಎಂದು ಇಡೀ ಛತ್ರಕ್ಕೆ ಕೇಳುವ ಹಾಗೆ ಕೂಗಿದ. ಎದುರು ಸಾಲಿನವರು ತಲೆ ಎತ್ತಿದರು. ಬೀಗಿತ್ತಿ ಉಣ್ಣುವುದನ್ನು ನಿಲ್ಲಿಸಿದರು. ಅತ್ತೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎಲೆಯನ್ನೇ ನೋಡುತ್ತ ಕೂತರು. ದಿನಕ್ಕೆ ನೂರಾರು ಸಲ ಸತ್ತು ಬೈದು ಮತ್ತೆ ಶುರುಮಾಡುತ್ತಿದ್ದ ಹೆಂಗಸು ಈಗ ಬೈಯಲೂ ಇಲ್ಲ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ನನಗೆ ಏನು ತೋಚಿತೋ ತಿಳಿಯದು. ನನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯನ್ನು ಮುದ್ದೆಗೆ ಹಾಕಿದೆ.

"ಯಾವನ್ಲಾ ಅದು, ಪಂಕ್ತೀಲಿ ಎಡಗೈಲಿ ಉಣ್ಣೋನು?" ಎಂದು ಎದುರಿನ ಹಿರಿಯರೊಬ್ಬರು ಗದರಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಎಡಗೈಯಲ್ಲಿ ಮುದ್ದೆ ಮುರಿಯುವುದು ಎಷ್ಟು ಕಷ್ಟ ಎಂದು ಆಗಷ್ಟೇ ತಿಳಿಯುತ್ತಿತ್ತು. ಬೆರಳು ಸುಟ್ಟವು. ಮುರಿದದ್ದು ಅಂಟಿಕೊಂಡಿತು, ಅಂಟಿದ್ದು ಉದುರಿತು. ಬಾಯಿಗೆ ಒಂದು ಚೂರೂ ಹೋಗಲಿಲ್ಲ. ಪಕ್ಕದಲ್ಲಿ ಅತ್ತೆ ನೋಡುತ್ತಿದ್ದರು.

ಪಕ್ಕದಲ್ಲಿ ಕೂತವನು ಎಲೆಯಲ್ಲಿ ಮುದ್ದೆ ಇಟ್ಟುಕೊಂಡು ಹಸಿದಿರುವುದನ್ನು ಅತ್ತೆ ಎಷ್ಟು ಹೊತ್ತು ನೋಡಿಯಾರು? ತಮ್ಮ ಕೈಯ ಕಥೆ ಅವರಿಗೆ ಮರೆತೇ ಹೋಯಿತೋ ಏನೋ. "ಎಂಥಾ ದಂಡಪಿಂಡನ್ಲಾ ನೀನು, ತಾ ಇಲ್ಲಿ" ಎನ್ನುತ್ತಾ ಅವರ ಬಲಗೈ ಮಡಿಲಿನಿಂದ ಎದ್ದು ನನ್ನ ಎಲೆಗೆ ಬಂತು. ಹೆಬ್ಬೆರಳು ಮುದ್ದೆಯೊಳಗೆ ಇಳಿಯಿತು. ಉಳಿದ ಬೆರಳುಗಳು ನಡುಗುತ್ತ, ಒಂದರ ಹಿಂದೆ ಒಂದು, ನಿಧಾನವಾಗಿ ಅದರ ಸುತ್ತ ಮಡಚಿಕೊಂಡವು. ಒಂದು ತುಂಡು ಮುರಿಯಿತು. ಅದಕ್ಕೆ ಉಂಡೆಯ ಆಕಾರವಿರಲಿಲ್ಲ, ಸಾರಿಗೆ ಅದ್ದುವಾಗ ಅರ್ಧ ಕರಗಿಯೂ ಹೋಯಿತು. ಮಿಕ್ಕಿದ್ದನ್ನು ಅತ್ತೆ ನನ್ನ ಬಾಯಿಗೆ ಇಟ್ಟರು. ಎದುರಿನ ಹಿರಿಯರು ತಲೆ ತಗ್ಗಿಸಿ ತಮ್ಮ ಎಲೆಗೆ ಕೈ ಹಾಕಿದರು. ಬೀಗಿತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಅಗಿಯತೊಡಗಿದೆ.

"ಅಗೀಬೇಡ್ವೋ, ನುಂಗು" ಎಂದರು ಅತ್ತೆ.