ಪಾಸ್ಟರು ಕತೆ ಹೇಳದ ಭಾನುವಾರ

ಆ ಭಾನುವಾರ ಬೆಳಗ್ಗೆ ಪಾಸ್ಟರ ಅತ್ತೆ ಅಳಿಯನ ಕರೀ ಕೋಟನ್ನು ಬಕೆಟ್ಟಿನಲ್ಲಿ ಅದ್ದಿದ್ದೇ ಎಲ್ಲಕ್ಕೂ ಮೂಲ. ಕೋಟಿನ ಒಳಜೇಬಿನಲ್ಲಿ ಕತೆ ಪುಸ್ತಕವಿತ್ತು.

ಆ ಪುಸ್ತಕವೆಂದರೆ ಪಾಸ್ಟರ ಜೀವ. ಮಂಗನ ಕತೆ, ಹಡಗಿನ ಕತೆ, ಗಂಡಹೆಂಡಿರ ಜಗಳದ ಕತೆ, ಹೀಗೆ ಆರು ವರ್ಷ ಕೂಡಿಸಿಟ್ಟ ಇನ್ನೂರು ಕತೆಗಳು. ಸತ್ಯವೇದದ ಎರಡು ವಚನ ಓದಿ, ಅದನ್ನು ಬಹಳ ಗೌರವದಿಂದ ಮುಚ್ಚಿಟ್ಟು, ಮುಂದಿನ ಮುಕ್ಕಾಲು ಗಂಟೆ ಕತೆ ಹೇಳುವುದು ಅವರ ಪದ್ಧತಿ. ಸಭೆ ನಕ್ಕು ನಕ್ಕು ಸುಸ್ತಾಗುತ್ತಿತ್ತು. ಜನ 'ಕತೆ ಪಾಸ್ಟರು' ಎನ್ನುತ್ತಿದ್ದರು, ಪಾಸ್ಟರು, ಪುಣ್ಯಾತ್ಮರು, ಅದನ್ನು ಬಿರುದೆಂದೇ ತಿಳಿದಿದ್ದರು.

"ಅತ್ತೇ, ಜೇಬು ನೋಡ್ಬಾರ್ದಿತ್ತಾ?"

"ನೋಡಿದೆನಪ್ಪಾ. ಹೊರಜೇಬಲ್ಲಿ ಎರಡು ಪೆಪ್ಪರ್‌ಮಿಂಟ್ ಇತ್ತು, ತೆಗೆದಿಟ್ಟಿದೀನಿ. ಒಳಗೂ ಒಂದು ಜೇಬಿದೆ ಅಂತ ನಂಗೇನು ಗೊತ್ತು? ಬಿಷಪ್ಪರು ಬರೋ ದಿನ ಬೆವರು ನಾರಬಾರ್ದು ಅಂತ ತೊಳೆದೆ."

ಬಿಷಪ್ಪರು ಬರುವ ದಿನ! ಗುಡ್ಡದಾಚೆಯ ಸಣ್ಣ ಚರ್ಚಿಗೆ ಒಂದು ವರ್ಷದ ಮಟ್ಟಿಗೆ ಯಾರನ್ನಾದರೂ ಕಳಿಸಬೇಕಾಗಿದೆ, ಪಾಸ್ಟರ ಹೆಸರೇ ಮೊದಲಿದೆ ಎಂದು ಸುದ್ದಿ. ಅಲ್ಲಿಗೆ ಬಸ್ಸಿಲ್ಲ. ಫೋನಿನಲ್ಲಿ ಮಾತಾಡಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು. ಪಾಸ್ಟರಿಗೆ ಹೋಗಲು ಸುತರಾಂ ಮನಸ್ಸಿರಲಿಲ್ಲ. "ನೀವು ಭರ್ಜರಿಯಾಗಿ ನಗಿಸಿ. ನಿಮ್ಮನ್ನ ಬಿಡಲ್ಲ ಅಂತ ಎಲ್ಲರ ಸಹಿ ಹಾಕಿಸಿ ನಾನು ಬಿಷಪ್ಪರ ಕೈಗೆ ಕೊಡ್ತೀನಿ" ಎಂದು ಸಭೆಯ ಹಿರಿಯರಾದ ನಿವೃತ್ತ ಹೆಡ್‌ಮಾಸ್ಟರು ಭರವಸೆ ಕೊಟ್ಟಿದ್ದರು.

ಒದ್ದೆ ಪುಸ್ತಕ ಬಿಡಿಸಿದರೆ ಶಾಯಿ ಹರಡಿ ಮಂಗ ಯಾವುದು, ಹಡಗು ಯಾವುದು ತಿಳಿಯದಂತಾಗಿತ್ತು. ನೆನಪಿನಿಂದ ಹೇಳೋಣವೆಂದರೆ ಗಾಬರಿಯಲ್ಲಿ ತಲೆ ಸಿಕ್ಕ ಕತೆಗೆ ಬಾಲ ಸಿಗಲಿಲ್ಲ.

ಚರ್ಚಿನ ಅಂಗಳ ಮುಟ್ಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಮುಟ್ಟಿತ್ತು. ಆರ್ಗನ್ ನುಡಿಸುವ ಅಕ್ಕ ಓಡಿ ಬಂದರು. "ನಮ್ಮ ಯಜಮಾನ್ರ ಗೊರಕೆ ಕತೆ ಹೇಳಿ. ಹೆಸರು ಮಾತ್ರ ಹೇಳ್ಬೇಡಿ." ಹೆಡ್‌ಮಾಸ್ಟರು ಅವರನ್ನು ಪಕ್ಕಕ್ಕೆ ಸರಿಸಿ, ತಮ್ಮ ಮದುವೆ ದಿಬ್ಬಣ ರೈಲು ತಪ್ಪಿಸಿಕೊಂಡ ಕತೆಯನ್ನು ಹದಿನೇಳು ಸ್ಟೇಷನ್‌ಗಳ ಸಮೇತ ಕಿವಿಗೆ ತುಂಬಿದರು. ಬಾಗಿಲು ಕಾಯುವ ಅಜ್ಜ ಮಾತ್ರ ಹಿಂಜರಿಯುತ್ತಾ, "ಆರು ವರ್ಷದಿಂದ ಬಾಗಿಲಲ್ಲಿ ನಿಂತು ಕೇಳ್ತಿದೀನಿ ಸಾರ್. ನೀವು ಮೊದಲು ಓದ್ತೀರಲ್ಲ, ಅದರ ಅರ್ಥ ಒಂದ್ಸಲ ಹೇಳಿ" ಎಂದ. ಆ ಗದ್ದಲದಲ್ಲಿ ಅವನ ಮಾತು ಯಾರಿಗೆ ಬೇಕು!

ಪಾಸ್ಟರು ಆ ದಿನದ ವಚನ ಓದಿ, ಸತ್ಯವೇದ ಮುಚ್ಚಿ, ಹೆಡ್‌ಮಾಸ್ಟರ ರೈಲು ಹತ್ತಿದರು. ಮೂರನೆಯ ಸ್ಟೇಷನ್ನಿಗೆ ದಾರಿ ತಪ್ಪಿತು. ಕೈಗೆ ಸಿಕ್ಕ ಗೊರಕೆಯನ್ನು ಅದೇ ಡಬ್ಬಿಯೊಳಗೆ ಹತ್ತಿಸಿದರು. ಆರ್ಗನ್ ಅಕ್ಕನ ಯಜಮಾನರು ಮೂರನೇ ಸಾಲಿನಿಂದ ಎದ್ದು, "ಯಾರ ಗೊರಕೆ ಅದು?" ಎಂದು ಗುಡುಗಿದರು. ಬಿಷಪ್ಪರು ಕನ್ನಡಕ ತೆಗೆದು ಒರೆಸಿಕೊಂಡರು. ಪಾಸ್ಟರು ಬೇರೆ ದಾರಿ ಕಾಣದೆ, ಮುಚ್ಚಿದ ಸತ್ಯವೇದವನ್ನೇ ಮತ್ತೆ ತೆರೆದರು.

ಹೊರೆ ಹೊತ್ತು ಒಂದು ಮೈಲಿ ಬಾ ಎಂದು ಬಲವಂತ ಮಾಡುವವನ ಜೊತೆ ಎರಡು ಮೈಲಿ ನಡೆ ಎಂಬ ಭಾಗವದು. ಅದನ್ನು ಇನ್ನೊಮ್ಮೆ, ನಿಧಾನವಾಗಿ ಓದಿದರು. ಆ ಕಾಲದಲ್ಲಿ ಸೈನಿಕ ದಾರಿಹೋಕನ ಹೆಗಲಿಗೆ ಮೂಟೆ ಹೇರುತ್ತಿದ್ದುದನ್ನು ಹೇಳಿದರು. ಮೊದಲ ಮೈಲಿ ಸೈನಿಕನ ಭಯಕ್ಕೆ ನಡೆದದ್ದು, ಎರಡನೆಯದು ನಾವಾಗಿ ಪ್ರೀತಿಯಿಂದ ಕೊಟ್ಟದ್ದು ಎಂದರು. ನಗಿಸುವ ಆತುರವಿಲ್ಲದೆ ಒಂದೊಂದೇ ಪದ ಹಿಡಿದು ನಡೆದರು. ಗೊರಕೆಯ ಯಜಮಾನರು ಮೆಲ್ಲಗೆ ಕೂತರು. ಬಾಗಿಲಲ್ಲಿ ಅಜ್ಜ ಕಣ್ಣೊರೆಸಿಕೊಂಡ. ಎಷ್ಟು ಚೆನ್ನಾದ ಮಾತುಗಳವು! ಇಷ್ಟು ವರ್ಷ ಇದನ್ನು ಮುಚ್ಚಿಟ್ಟು ಮಂಗನ ಹಿಂದೆ ಓಡಿದೆನಲ್ಲಾ ಎಂದು ಪಾಸ್ಟರಿಗೆ ನಾಚಿಕೆಯಾಯಿತು, ಜೊತೆಗೇ ಹೇಳಲಾರದಷ್ಟು ಸಂತೋಷವೂ ಆಯಿತು.

ಆರಾಧನೆ ಮುಗಿದದ್ದೇ ಬಿಷಪ್ಪರು ಬಂದು ಎರಡೂ ಕೈ ಹಿಡಿದುಕೊಂಡರು. "ಇಂಥಾ ಪ್ರಸಂಗ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ? ನಿಜ ಹೇಳ್ತೀನಿ, ಗುಡ್ಡದವರು ನಿಮ್ಮನ್ನ ಬೇಡ ಅಂದ್ಬಿಟ್ಟಿದ್ರು. 'ನಮಗೆ ಕತೆ ಬೇಡ, ದೇವರ ವಾಕ್ಯ ಹೇಳೋರು ಬೇಕು' ಅಂದಿದ್ರು. ನಿಮ್ಮ ಹೆಸರು ಬಿಟ್ಟಿದೀವಿ ಅಂತ ಹೇಳಿ ಹೋಗೋಣ ಅಂತಲೇ ಬಂದೆ. ಈಗ ನೋಡಿದ್ರೆ ಅವರು ಕೇಳಿದ ಮನುಷ್ಯ ನೀವೇ!"

ಪಾಸ್ಟರು ದೈನ್ಯದಿಂದ ಹೆಡ್‌ಮಾಸ್ಟರ ಕಡೆ ನೋಡಿದರು. ಹೆಡ್‌ಮಾಸ್ಟರು ನೂರಿಪ್ಪತ್ತು ಸಹಿಗಳಿದ್ದ ಕಾಗದ ಹಿಡಿದು ಮುಂದೆ ಬಂದರು. ಅವರ ಕಣ್ಣು ಇನ್ನೂ ಒದ್ದೆಯಿತ್ತು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಪರಪರ ಹರಿದು ಹಾಕಿದರು.

"ಬಿಷಪ್ಪರೇ, ನೀವು ಕೇಳಿದ್ದು ಒಂದು ವರ್ಷ. ಇವತ್ತಿನ ವಾಕ್ಯ ಕೇಳಿದ ಮೇಲೂ ಒಂದೇ ವರ್ಷಕ್ಕೆ ಕಳಿಸಿದ್ರೆ ನಾವೆಂಥಾ ಜನ? ಎರಡು ವರ್ಷ ಇಟ್ಕೊಳ್ಳಿ!"

"ಆಮೆನ್!" ಎಂದಿತು ಇಡೀ ಸಭೆ.

ಪಾಸ್ಟರು ಏನೋ ಹೇಳಲು ಬಾಯಿ ತೆರೆದರು. ಆರು ವರ್ಷದಲ್ಲಿ ಅವರ ಒಂದೇ ಒಂದು ಪ್ರಸಂಗವೂ ಕೇಳಿದವರ ಜೊತೆ ಚರ್ಚಿನ ಗೇಟು ದಾಟಿದ್ದಿಲ್ಲ. ಇವತ್ತು ಜನ ಗೇಟಿನವರೆಗೂ ಕಾಯದೆ ಅದರಂತೆ ನಡೆದುಬಿಟ್ಟಿದ್ದರು. ಇನ್ನು ಯಾವ ಬಾಯಿಂದ ಬೇಡವೆನ್ನುವುದು?

ಪಾಸ್ಟರೂ ಮೆಲ್ಲಗೆ "ಆಮೆನ್" ಎಂದರು.