ಅಳಿಯಂದಿರು ಹೊತ್ತ ಕೆರೆ

ಲೋಕದಲ್ಲೆಲ್ಲ ಅಳಿಯ ಬಂದರೆ ಕಾಲಿಗೆ ನೀರು ಕೊಡುತ್ತಾರೆ. ನಮ್ಮ ಮಾವ ಕೈಗೆ ಮಂಕರಿ ಕೊಡುತ್ತಿದ್ದರು! ನಂಬುವುದಿಲ್ಲವೇ? ನನ್ನ ನೆತ್ತಿ ನೋಡಿ. ಅಲ್ಲಿ ಕೂದಲು ಹೋಗಿದ್ದು ಮಂಕರಿ ತುಂಬ ಮಣ್ಣು ಹೊತ್ತೇ. ವಯಸ್ಸಿನಿಂದ ಹೋಗಿದ್ದು ಅಂತ ನನ್ನ ಹೆಂಡತಿ ವಾದಿಸುತ್ತಾಳೆ. ಅಪ್ಪನನ್ನು ಬಿಟ್ಟುಕೊಡುವ ಜಾತಿಯವಳಲ್ಲ ಅವಳು.

ಮಾವನ ಊರು ನಂಜನಗೂಡಿನಿಂದ ಹೆಮ್ಮರಗಾಲದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಹಳ್ಳಿ. ಊರ ಮುಂದೊಂದು ದೊಡ್ಡ ಕೆರೆ. ಕೆರೆ ಅಂತ ಬಾಯಿಮಾತಿಗೆ ಕರೆಯುತ್ತಿದ್ದರು, ಅಷ್ಟೆ. ನನಗೆ ಮದುವೆಯಾದ ತೊಂಬತ್ತರ ದಶಕದಲ್ಲಿ ಅದರಲ್ಲಿ ನೀರಿಗಿಂತ ಜಾಲಿಮುಳ್ಳೇ ಹೆಚ್ಚು. ಹೂಳು ತುಂಬಿ ತುಂಬಿ, ಮಳೆ ಬಂದರೆ ಎಮ್ಮೆಯ ಹೊಟ್ಟೆ ನೆನೆಯುವಷ್ಟು ನೀರು ನಿಂತರೆ ಪುಣ್ಯ. ಅತ್ತ ನಂಜನಗೂಡಿನ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದವು, ಸೈಟಿನ ಹುಚ್ಚು ಹಳ್ಳಿಹಳ್ಳಿಗೂ ಹತ್ತಿತ್ತು. ಪಂಚಾಯ್ತಿ ಮೆಂಬರೊಬ್ಬರು ಅರಳಿಕಟ್ಟೆಯ ಹತ್ತಿರ ಸಭೆ ಸೇರಿಸಿ, “ನೀರಿಲ್ದಿರೋ ಕೆರೆ ಮಡಿಕೊಂಡು ಏನ್ ಪೂಜೆ ಮಾಡೀರಾ? ಮುಚ್ಚಿ ಸೈಟ್ ಮಾಡಿ ಅಂಚ್ಕೊಳ್ಳಾನ” ಅಂದರು. ಊರೇ ಹೂಂಗುಟ್ಟಿತು. ಮಾವನ ಸ್ವಂತ ಅಣ್ಣನ ಮಗ ಎದ್ದು ನಿಂತು, “ನಂಗೆ ರೋಡ್ ಕಡೀಕಿರೋ ಕಾರ್ನರ್ ಸೈಟೇ ಆಗ್ಬೇಕು” ಅಂದನಂತೆ!

ಆಗ ಎದ್ದವರು ನಮ್ಮ ಮಾವ. “ಎರಡು ಮಳೆಗಾಲ ಬುಟ್ಕೊಡ್ರಪ್ಪ. ಕೆರೆ ತುಂಬ್ಸಿ ಕೋಡಿ ಅರಿಯಂಗೆ ಮಾಡ್ತೀನಿ. ಆಗ್ನಿಲ್ವಾ, ಸೈಟಿಗೆ ಮೊದಲ್ನೇ ಗೂಟ ನಾನೇ ಒಡೀತೀನಿ!”

ಊರು ಬಿದ್ದುಬಿದ್ದು ನಕ್ಕಿತು. ಎರಡು ಮಳೆಗಾಲ ತಾನೇ, ಮುದುಕನ ಆಸೆ, ಇರಲಿ ಅಂತ ಒಪ್ಪಿಕೊಂಡಿತು.

ಒಪ್ಪಿದ್ದೇನೋ ಸರಿ, ಹೂಳು ತೆಗೆಯುವವರು ಯಾರು? ಮಾವ ಮನೆಮನೆಗೆ ಹೋಗಿ ಕರೆದರು. ಒಬ್ಬನಿಗೆ ಹೊಲ, ಒಬ್ಬನಿಗೆ ಜ್ವರ, ಮತ್ತೊಬ್ಬನಿಗೆ ಕೋರ್ಟು. ಎಲ್ಲರ ಬಾಯಲ್ಲೂ ಒಂದೇ ಮಾತು: “ನಾಳೀಕ್ ಬತ್ತೀನಿ ಕಣಣ್ಣ.” ಆಗ ಮಾವನಿಗೆ ಹೊಳೆಯಿತು ನೋಡಿ! ಈ ಭೂಮಿಯ ಮೇಲೆ ಮಾವನ ಮನೆಯಲ್ಲಿ ಕೂತು ‘ಆಗೋದಿಲ್ಲ’ ಅನ್ನಲಾರದ ಪ್ರಾಣಿ ಒಂದೇ ಒಂದು. ಅದು ಅಳಿಯ!

ಯುಗಾದಿ ಬಂತು. ಕೆರೆ ಬತ್ತಿ ಬಿರುಕು ಬಿಡುವ ಕಾಲವೂ ಅದೇ, ಅಳಿಯಂದಿರು ಮಾವನ ಮನೆಗೆ ಬರುವ ಕಾಲವೂ ಅದೇ. ನಾನು ತಿರುಮಕೂಡಲು ನರಸೀಪುರದ ಬ್ಯಾಂಕೊಂದರಲ್ಲಿ ಗುಮಾಸ್ತ. ಹಾಲಿನಂಥ ಬಿಳಿ ಪ್ಯಾಂಟು ತೊಟ್ಟು ಹೋಗಿದ್ದೆ. ಮಾರನೆಯ ದಿನ ಹೊಸತೊಡಕು. ಒಲೆಯ ಮೇಲೆ ನಾಟಿಕೋಳಿ ಸಾರು ಕುದಿಯುತ್ತಿದೆ, ಮೂಗು ಅಡುಗೆಮನೆಯಲ್ಲಿದೆ, ಅಷ್ಟರಲ್ಲಿ ಮಾವ ಬಂದು, “ಏಳಿ ಅಳಿಮಯ್ಯ, ಒಸಿ ಕೆರೆ ತಾವ್ಕ್ ಓಗಿ ಬರಾನ” ಅಂದರು. ಗಾಳಿ ಸೇವನೆಗೆ ಅಂದುಕೊಂಡೆ. ಕೆರೆಯಲ್ಲಿ ನನಗಾಗಿ ಗುದ್ದಲಿ ಕಾಯುತ್ತಿತ್ತು!

ಮೆತ್ತಗೆ ಹೇಳಿ ನೋಡಿದೆ: “ಮಾವ, ನಾನು ಎರಡು ಹೊಳೆ ಸೇರುವ ಊರಿನವನು. ನಮಗೆ ಈ ಕೆಲಸ ಅಭ್ಯಾಸವಿಲ್ಲ.”

“ಎರಡು ಒಳೆ ಅವೆ ಸರಿ ಕಣಪ್ಪ. ನಿಮ್ಮಪ್ಪ ಅಗ್ದಿದ್ನಾ?”

ಪ್ಯಾಂಟು ಮಡಿಸಿ ಮಂಕರಿ ಎತ್ತಿದೆ. ನನ್ನ ಷಡ್ಡಕ, ಅಂದರೆ ಮಾವನ ಮೂವರು ಅಳಿಯಂದಿರಲ್ಲಿ ಎರಡನೆಯವನು, ಲಾರಿ ಡ್ರೈವರ್. ನನಗಿಂತ ಜಾಣ. “ಮಾವ, ಸೊಂಟ ಇಡ್ಕಂಡದೆ” ಅಂತ ನರಳಿದ. ಮಾವ ಮುಖ ಸಣ್ಣಗೆ ಮಾಡಿಕೊಂಡು, “ಅಯ್ಯೋ ಪಾಪ! ಅಂಗಾರೆ ಸೊಂಟದ್ ಮ್ಯಾಲೆ ಒರಬ್ಯಾಡಿ, ತಲೆ ಮ್ಯಾಲೆ ಒರಿ” ಅಂದರು!

ಈ ಸುದ್ದಿ ನಮ್ಮ ಅತ್ತೆಯ ಕಿವಿಗೆ ಬಿತ್ತು. ಸಾರು ಬಿಟ್ಟು, ಸೆರಗು ಕಟ್ಟಿಕೊಂಡು ಓಡಿ ಬಂದರು. “ಅಳಿಮಯ್ಯನ್ ತಲೆ ಮ್ಯಾಲೆ ಮಣ್ಣಾ! ನಿಂಗೇನು ಬುದ್ಧಿಗಿದ್ದಿ ಕೆಟ್ಟೋಗದಾ? ಊರೋರು ಮಕಕ್ಕೆ ಉಗಿಯಾಕಿಲ್ವಾ?” ಅನ್ನುತ್ತಾ ನನ್ನ ಮಂಕರಿ ಕಿತ್ತುಕೊಂಡು ತಾವೇ ಹೊತ್ತುಕೊಂಡು ಹೊರಟರು. ಮಾವ ಮೀಸೆಯಡಿ ನಕ್ಕಿದ್ದು ನನಗೆ ಮಾತ್ರ ಕಂಡಿತು. ಅವರಿಗೆ ಬೇಕಾಗಿದ್ದೇ ಅದು! ಊರಿನ ಬೇರೆ ಅಳಿಯಂದಿರನ್ನೂ ಹೀಗೇ ‘ಗಾಳಿ ಸೇವನೆ’ಗೆ ಕರೆತಂದಿದ್ದರಲ್ಲ, ಒಬ್ಬೊಬ್ಬನ ಹಿಂದೆಯೂ ಒಬ್ಬೊಬ್ಬ ಅತ್ತೆ ಬಾಯಿ ಬಡಿದುಕೊಂಡು ಬಂದು ಮಂಕರಿಗೆ ಕೈ ಹಾಕಿದಳು. ಹೆಂಗಸರು ಮಣ್ಣು ಹೊರುವಾಗ ಗಂಡಸರು ಏರಿಯ ಮೇಲೆ ಕೂತು ಬೀಡಿ ಸೇದುವುದು ಹೇಗೆ? ಅವರೂ ಇಳಿದರು. ಮನೆಗೆ ಬಂದ ನೆಂಟ ದುಡಿಯುವಾಗ ಕೂತು ನೋಡುವಷ್ಟು ಮಾನಗೆಟ್ಟ ಊರಲ್ಲ ಅದು, ಇಂದಿಗೂ ಅಲ್ಲ. ಅದನ್ನು ಎಷ್ಟು ಹೆಮ್ಮೆಯಿಂದ ಬೇಕಾದರೂ ಹೇಳುತ್ತೇನೆ.

ಆಮೇಲೆ ಹಬ್ಬ ಬಂತೆಂದರೆ ಕೆರೆ. ಅಗೆದ ಹೂಳು ಒಳ್ಳೇ ಗೊಬ್ಬರ ಅಂತ ಗಾಡಿಗಾಡಿ ಹೊಲಕ್ಕೂ ಹೋಯಿತು. ನೀರು ಬರುವ ಕಾಲುವೆಯನ್ನೂ ಬಿಡಿಸಿದ್ದಾಯಿತು. “ಅಳಿಯ ಮನೆ ತೊಳಿಯ ಅಂತಾರೆ. ಮನೆ ತೊಳಿಯೋದ್ ಬ್ಯಾಡ, ಕೆರೆ ತೊಳೀಲಿ ಬುಡಿ!” ಅನ್ನುವುದು ಮಾವನ ಮಾತು. ಆ ಊರಿಗೆ ಹೆಣ್ಣು ನೋಡಲು ಬಂದ ಕಳಲೆ ಕಡೆಯ ಗಂಡೊಂದು, “ಹುಡುಗಿ ಒಪ್ಗೆ. ಕೆರೆ ವಿಚಾರ ಒಸಿ ಮಾತಾಡ್ಬೇಕಲ್ಲಾ” ಅಂದಿತ್ತಂತೆ!

ಮೊದಲ ಮಳೆಗಾಲದಲ್ಲಿ ಸೊಂಟದಷ್ಟು ನೀರು ನಿಂತಿತು, ಕೋಡಿಯ ಹತ್ತಿರಕ್ಕೂ ಬರಲಿಲ್ಲ. ಆದರೆ ಯಾವ ಕಾಲದಿಂದಲೂ ಕಾಣದಿದ್ದ ಕೊಕ್ಕರೆಗಳು ಬಂದವು. ಸಂಜೆಯಾದರೆ ಜನ ಏರಿಯ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂರಲು ಶುರುಮಾಡಿದರು. ಮಾವ ಕೊಕ್ಕರೆಗಳ ಕಡೆ ಕೈ ತೋರಿಸಿ, “ನೋಡಿ, ಇವೂ ಅಳಿಯಂದಿರೇ. ಬತ್ತವೆ, ಮೀನ್ ತಿಂತವೆ, ಓಯ್ತವೆ. ಒಂದು ಮಂಕರಿ ಮಣ್ಣೆತ್ತಾಕಿಲ್ಲ!” ಅಂತ ನನ್ನ ಮುಖವನ್ನೇ ನೋಡುತ್ತಿದ್ದರು.

ಎರಡನೆಯ ಮಳೆಗಾಲ ಕೈಕೊಟ್ಟಿತು. ಗೌರಿಹಬ್ಬ ಕಳೆಯಿತು, ದಸರಾ ಕಳೆಯಿತು, ಆಕಾಶ ಮಿಸುಕಲಿಲ್ಲ. ಮೆಂಬರು ಒಂದು ಗಾಡಿ ಗೂಟ ತರಿಸಿ ಕೆರೆಯಂಗಳದ ಪಕ್ಕ ಒಟ್ಟಿಸಿದರು. ಮಾವ ಊಟ ಬಿಟ್ಟರು. ಏರಿಯ ಮೇಲೆ ಒಬ್ಬರೇ ಓಡಾಡುತ್ತಾರೆ, ಕರೆದರೂ ಬರುವುದಿಲ್ಲ ಅಂತ ಸುದ್ದಿ ಬಂದಾಗ ನನ್ನ ಹೆಂಡತಿ ಕಣ್ಣೀರು ಹಾಕಿದಳು. ನಾನೂ ಬ್ಯಾಂಕಿನ ಕಿಟಕಿಯಿಂದ ದಿನಾ ಮೋಡ ನೋಡುತ್ತಿದ್ದೆ.

ಕೊನೆಗೆ ಚಿತ್ತಾ ಮಳೆ ಹಿಡಿಯಿತು. ಹಿಡಿಯಿತು ಅಂದರೆ ಬಿಡಲೇ ಇಲ್ಲ! ಮಳೆ ನಿಂತ ಬೆಳಿಗ್ಗೆ ಬ್ಯಾಂಕಿಗೆ ಫೋನು ಬಂತು. ಮಾವನ ಗಂಟಲು ಫೋನಿಲ್ಲದೆಯೇ ನರಸೀಪುರಕ್ಕೆ ಕೇಳಿಸುವಂತಿತ್ತು: “ಅಳಿಮಯ್ಯಾ! ಕೋಡಿ ಬಿತ್ತು!”

ಹೆಂಡತಿಯನ್ನು ಕರೆದುಕೊಂಡು ಸಿಕ್ಕಿದ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಕಣ್ಣು ಹರಿಯುವಷ್ಟು ದೂರಕ್ಕೂ ನೀರು! ಸೈಟಿಗೆ ತಂದಿದ್ದ ಗೂಟವೊಂದನ್ನು ದಡದಲ್ಲಿ ನೆಟ್ಟು ಹರಿಗೋಲು ಕಟ್ಟಿದ್ದಾರೆ, ಅದರಲ್ಲಿ ಮೊದಲು ಕೂತವನು ಕಾರ್ನರ್ ಸೈಟಿನವನೇ! ಮದುವೆಯಾಗಿ ಹೋಗಿದ್ದ ಊರಿನ ಹೆಣ್ಣುಮಕ್ಕಳೆಲ್ಲ ಗಂಡಂದಿರೊಡನೆ ಬಂದಿದ್ದರು. ಮೆಂಬರೇ ಮುಂದೆ ನಿಂತು ಬಾಗಿನಕ್ಕೆ ಏರ್ಪಾಡು ಮಾಡುತ್ತಿದ್ದರು. ಅಳಿಯಂದಿರಾದ ನಾವು ಎದೆಯುಬ್ಬಿಸಿ ಓಡಾಡಿದೆವು. ಯಾಕೆ ಓಡಾಡಬಾರದು? ನಾವು ಹೊತ್ತ ಕೆರೆ ಅದು!

ಮಾವ ಮಾತ್ರ ಗದ್ದಲದಿಂದ ದೂರ, ತೂಬಿನ ಕಲ್ಲಿನ ಮೇಲೆ ಕೂತಿದ್ದರು. ಹೋಗಿ ಕೆಣಕಿದೆ: “ಏನ್ ಮಾವ, ಇನ್ನಾದರೂ ಅಳಿಯಂದಿರಿಗೆ ಬಿಡುಗಡೆಯೋ?”

ನಗಲಿಲ್ಲ. ನೀರನ್ನೇ ನೋಡುತ್ತಾ ಮೆಲ್ಲಗೆ ಅಂದರು: “ಮೂರು ಎಣ್ಮಕ್ಳು ಕಣಪ್ಪ ನಂಗೆ. ಮೂರ್ನೂ ಈ ಕೈಯಲ್ಲೇ ಧಾರೆ ಎರ್ದು ನಿಮ್ಗೆಲ್ಲ ಕೊಟ್ಬುಟ್ಟೆ. ಮನೇಲಿ ಉಸಿರೇ ಇಲ್ದಂಗಾಯ್ತು. ಇದೂ ನನ್ ಮಗಳೇ. ಇದೊಂದಾದ್ರೂ ಊರಲ್ಲೇ ಉಳೀಲಿ ಅಂತ ಇಷ್ಟ್ ಒದ್ದಾಡ್ದೆ.”

ಅತ್ತ ಕೋಡಿಯ ನೀರಿನಲ್ಲಿ ಒಡಹುಟ್ಟಿದವರೊಡನೆ ಸೀರೆ ಎತ್ತಿಕಟ್ಟಿ ನಿಂತಿದ್ದ ನನ್ನ ಹೆಂಡತಿ, “ಅಪ್ಪಾ, ಒಬ್ನೇ ಯಾಕ್ ಕುಂತಿದ್ದೀಯ? ಬಾರಪ್ಪಾ!” ಅಂತ ಕೂಗಿದಳು. ಮಾವ ಟವೆಲಿನಿಂದ ಮುಖ ಒರೆಸಿಕೊಂಡು, ನನ್ನ ಹೆಗಲು ಹಿಡಿದು ಎದ್ದರು. ನಾನು ಅವರನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ, ಅವರ ಹೆಣ್ಣುಮಕ್ಕಳ ನಡುವೆ ಬಿಟ್ಟೆ.